ಲಿಥುವೇನಿಯದ ಹಾಸ್ಯಪದಗಳಲ್ಲಿ ಹೊರಗಿನವರು

ಪ್ರಶ್ನೆ: ಲಿಥುವೇನಿಯದ ಜನಪದ ಹಾಸ್ಯಗೀತೆಗಳು ಹೊರಗಿನವರನ್ನು ಹೇಗೆ ಚಿತ್ರಿಸುತ್ತವೆ? (ಓದುಗರೊಬ್ಬರು, ಉಡುಪಿ)

ಉತ್ತರ: ಮದುವೆಯ ಪದಗಳಲ್ಲಿ ವರನ ಕಡೆಯವರೇ ಹೊರಗಿನವರು, ಹೆಣ್ಣಿನ ಕಡೆಯವರು ಅವರನ್ನು ಹಾಡಿನಲ್ಲೇ ಹೀಯಾಳಿಸುತ್ತಾರೆ, ಸುಳ್ಳು ಹೇಳಿ ಸಂಬಂಧ ಕುದುರಿಸಿದನೆಂದು ಮದುವೆ ದಲ್ಲಾಳಿಗೆ ಗಲ್ಲುಶಿಕ್ಷೆ ವಿಧಿಸುವ ಅಣಕವಾಡಿ, ಕೊನೆಗೆ ಅವನ ಬದಲು ಬೊಂಬೆಯೊಂದನ್ನು ನೇತುಹಾಕುತ್ತಾರೆ. ಇದು ನಿರುಪದ್ರವಿ ತಮಾಷೆ. ಕ್ರೈಸ್ತರ ಉಪವಾಸಕಾಲ ಶುರುವಾಗುವ ವಿಭೂತಿ ಬುಧವಾರದ ಮುನ್ನಾದಿನದ ಉಜ್ಗವೇನೆಸ್ ಹಬ್ಬದ ಹಾಡುಗಳ ಮಾತು ಬೇರೆ. ಅಲ್ಲಿ ಉದ್ದ ಮೂಗಿನ ಮುಖವಾಡ ತೊಟ್ಟ ‘ಯಹೂದಿ’ ಚೌಕಾಸಿ ಮಾಡುತ್ತಾನೆ, ‘ಜಿಪ್ಸಿ’ ಭವಿಷ್ಯ ನುಡಿಯುತ್ತಾಳೆ. ಮನೆಮನೆಗೆ ಹೋಗುವ ಈ ವೇಷಗಳು ನಮ್ಮ ದೋಸೆಯನ್ನು ಹೋಲುವ ಪ್ಯಾನ್‌ಕೇಕ್ ಬೇಡಿ ಹಾಡುತ್ತವೆ. ಎರಡನೆಯ ಮಹಾಯುದ್ಧದಲ್ಲಿ ಆ ದೇಶದ ಶೇ. 90ಕ್ಕೂ ಹೆಚ್ಚು ಯಹೂದಿಗಳು ಹತರಾದ ಮೇಲೆ ಈ ಅಣಕಕ್ಕೆ ನಗುವುದು ಸುಲಭವಲ್ಲ. ನಮ್ಮ ಮಾರ್ನೆಮಿಯಲ್ಲಿ (ನವರಾತ್ರಿಯಲ್ಲಿ) ಕೊರಗ ಸಮುದಾಯವನ್ನು ಅಣಕಿಸುವ ಕೊರಗ ವೇಷಕ್ಕೆ ಆ ಸಮುದಾಯದವರೇ ಎತ್ತಿದ ಆಕ್ಷೇಪವನ್ನು ಬಲ್ಲ ತುಳುನಾಡಿನವರಿಗೆ ಈ ಕಸಿವಿಸಿ ಹೊಸದೇನಲ್ಲ.