ಹನ್ನೊಂದು ಗೇರಿನ ಆಸೆ, ಎಂಟು ಗೇರಿನ ಲಿವರ್

ಓದುಗರ ಪ್ರಶ್ನೆಗಳಿಗೆ ಉತ್ತರ: ಸೈಕಲ್

ಈ ಸಲದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ಮಾತು ಕೇಳಿದ್ದವು: ಇದಕ್ಕೆ ಅದು ಕೂಡುತ್ತದಾ? ಅದಕ್ಕೇ ಗಂಗಾವತಿಯಿಂದ ಬಂದ ಪತ್ರಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ. ಉಳಿದವರು ಸಿಟ್ಟಾಗಬೇಡಿ.

ಪ್ರಶ್ನೆ: ಮೇಡಂ, ನಾನು ಗಂಗಾವತಿಯ ಅಕ್ಕಿ ಗಿರಣಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ಎರಡು ವರ್ಷದಿಂದ ರೋಡ್ ಬೈಕ್ ಓಡಿಸುತ್ತಿದ್ದೇನೆ. ಗೇರ್ ಸೆಟ್ ಶಿಮಾನೊ ಕಂಪನಿಯ ಕ್ಲಾರಿಸ್ ಆರ್2000, 8 ಸ್ಪೀಡ್, ಅಂದರೆ ಹಿಂದೆ ಎಂಟು ಹಲ್ಲುಚಕ್ರ. ಮುಂದಿನ ಎರಡು ಚಕ್ರಕ್ಕೆ 50 ಮತ್ತು 34 ಹಲ್ಲು, ಹಿಂದೆ 11ರಿಂದ 28 ಹಲ್ಲು (11-28). ಆನೆಗುಂದಿ, ಸಾಣಾಪುರದ ಕಡೆ ಏನೂ ತೊಂದರೆ ಇಲ್ಲ. ಆದರೆ ಹೋದ ತಿಂಗಳು ಗೆಳೆಯರ ಜೊತೆ ಸಂಡೂರಿನ ಕುಮಾರಸ್ವಾಮಿ ಬೆಟ್ಟ ಹತ್ತಲು ಹೋಗಿ, ಅರ್ಧ ದಾರಿ ಸೈಕಲ್ ತಳ್ಳಿದೆ. ಮರ್ಯಾದೆ ಹೋಯಿತು. ಅವರಲ್ಲೊಬ್ಬರು ತಮ್ಮ ಹಳೆಯ ಶಿಮಾನೊ 105 ಆರ್7000, ಅಂದರೆ 11 ಸ್ಪೀಡಿನ ಹಿಂದಿನ ಡಿರೇಲರ್ (ಚೈನನ್ನು ಪಕ್ಕಕ್ಕೆ ಸರಿಸುವ ಭಾಗ) ಮತ್ತು ಕ್ಯಾಸೆಟ್ (ಹಿಂದಿನ ಹಲ್ಲುಚಕ್ರಗಳ ಗೊಂಚಲು) ಕಡಿಮೆ ದುಡ್ಡಿಗೆ ಕೊಡುತ್ತೇನೆ ಅಂದಿದ್ದಾರೆ. ಗೇರ್ ಬದಲಿಸುವ ಲಿವರ್ ಈಗಿರುವುದೇ ಇರಲಿ ಅಂತ ನನ್ನ ಯೋಚನೆ. ಹಾಕಿಸಲಾ?

ಉತ್ತರ: ಬೇಡ. ದುಡ್ಡು ಜೇಬಿನಲ್ಲೇ ಇರಲಿ.

ನೀವು ಗಿರಣಿಯ ಲೆಕ್ಕದವರು, ಆದ್ದರಿಂದ ಲೆಕ್ಕದಲ್ಲೇ ಹೇಳುತ್ತೇನೆ. ಲಿವರ್ ಒಂದು ಸಲ ಟಿಕ್ ಅಂದರೆ ಇಷ್ಟೇ ಕೇಬಲ್ ಎಳೆಯಬೇಕು ಅಂತ ಒಂದು ಅಳತೆ ಇದೆ. ಡಿರೇಲರ್ ಆ ಎಳೆತವನ್ನು ಹೆಚ್ಚಿಸಿ ಚೈನನ್ನು ಪಕ್ಕಕ್ಕೆ ಸರಿಸುತ್ತದೆ. ಸರಿದ ದೂರ ಕ್ಯಾಸೆಟ್ಟಿನ ಎರಡು ಚಕ್ರಗಳ ನಡುವಿನ ಅಂತರಕ್ಕೆ ಸರಿಹೋಗಬೇಕು. ನಿಮ್ಮ 8 ಸ್ಪೀಡ್ ಲಿವರ್ ಟಿಕ್ಕಿಗೆ ಸುಮಾರು 2.8 ಮಿ.ಮೀ. ಕೇಬಲ್ ಎಳೆಯುತ್ತದೆ. ನಿಮ್ಮ ಕ್ಲಾರಿಸ್ ಡಿರೇಲರ್ ಅದನ್ನು 1.7 ಪಟ್ಟು ಮಾಡುತ್ತದೆ. ಗುಣಿಸಿ ನೋಡಿ, 4.8 ಹತ್ತಿರ ಬರುತ್ತದೆ. 8 ಸ್ಪೀಡ್ ಕ್ಯಾಸೆಟ್ಟಿನ ಅಂತರವೂ 4.8 ಮಿ.ಮೀ. ಲೆಕ್ಕ ತಾಳೆಯಾಯಿತು.

ಈಗ ಗೆಳೆಯರ 105 ಡಿರೇಲರ್ ಹಾಕಿ. ಅದು 1.4 ಪಟ್ಟು ಮಾತ್ರ ಮಾಡುತ್ತದೆ. 2.8 ಗುಣಿಸು 1.4, ಅಂದರೆ 3.9. 11 ಸ್ಪೀಡ್ ಕ್ಯಾಸೆಟ್ಟಿನ ಅಂತರ ಸುಮಾರು 3.7. ಅಯ್ಯೋ, ಬರೀ 0.2 ವ್ಯತ್ಯಾಸ ಅಲ್ವಾ ಅಂತ ನಿಮಗೆ ಅನ್ನಿಸಬಹುದು. ಮೋಸ ಆಗುವುದೇ ಇಲ್ಲಿ. ಶಾಪಿನಲ್ಲಿ ಸೈಕಲ್ ಸ್ಟ್ಯಾಂಡಿಗೆ ಹಾಕಿ ತಿರುಗಿಸಿದರೆ ಮೊದಲ ಎರಡು ಮೂರು ಗೇರು ಬೆಣ್ಣೆಯ ಹಾಗೆ ಬೀಳುತ್ತವೆ. ನೀವು ದುಡ್ಡು ಕೊಟ್ಟು ಮನೆಗೆ ಬರುತ್ತೀರಿ. ಏಳನೇ ಟಿಕ್ಕಿಗೆ ಆ 0.2 ಸೇರಿ ಸೇರಿ ಒಂದೂವರೆ ಮಿ.ಮೀ. ಆಗಿರುತ್ತದೆ. ಚೈನು ಪಕ್ಕದ ಚಕ್ರಕ್ಕೆ ಉಜ್ಜಲು ಶುರು. ಅದೂ ಅಲ್ಲದೆ ನಿಮ್ಮ ಲಿವರಿಗೆ ಇರುವುದೇ ಎಂಟು ಜಾಗ. ಹನ್ನೊಂದರಲ್ಲಿ ಮೂರು ಚಕ್ರಗಳು ಸುಮ್ನೆ ಶೋಕಿಗೆ ತಿರುಗುತ್ತಿರುತ್ತವೆ.

ಡಿರೇಲರ್ ಮಾತ್ರ ತೆಗೆದುಕೊಂಡು ನಿಮ್ಮದೇ 8 ಸ್ಪೀಡ್ ಕ್ಯಾಸೆಟ್ ಇಟ್ಟುಕೊಂಡರೆ? ಅದು ಇನ್ನೂ ಕೆಟ್ಟದ್ದು. ಬೇಕಾಗಿದ್ದು 4.8, ಸರಿಯುವುದು 3.9.

ಇದನ್ನು ನಾನು ಓದಿ ಕಲಿತಿದ್ದಲ್ಲ. ಕೆಲವು ವರ್ಷದ ಹಿಂದೆ ನನ್ನ ಸೈಕಲ್ಲಿಗೆ ಶಿಮಾನೊದ್ದೇ ಟಿಯಾಗ್ರ 4600 ಲಿವರ್ ಇತ್ತು, 10 ಸ್ಪೀಡ್. ಡಿರೇಲರ್ ಸವೆದಿತ್ತು. ಸೆಕೆಂಡ್ ಹ್ಯಾಂಡಿನಲ್ಲಿ ಟಿಯಾಗ್ರ 4700 ಡಿರೇಲರ್ ಸಿಕ್ಕಿತು. ಇದೂ ಟಿಯಾಗ್ರ, ಅದೂ ಟಿಯಾಗ್ರ. ಇದೂ 10, ಅದೂ 10. ಮಾರುವವರು "ಕಣ್ಣು ಮುಚ್ಚಿ ಹಾಕ್ರಿ" ಅಂದರು. ನಾನು ಹಾಗೇ ಮಾಡಿದೆ. ಡಿಪ್ಲೊಮಾ ಮೆಕ್ಯಾನಿಕಲ್ ಓದಿ, ಮಕ್ಕಳಿಗೆ ವರ್ಕ್‌ಶಾಪ್ ಪಾಠ ಹೇಳುವವಳು ನಾನು. ಅಪ್ಪನಿಗೆ ಬಳ್ಳಾರಿಯ ಕೌಲ್ ಬಜಾರಿನಲ್ಲಿ ಗಂಟೆ ಲೆಕ್ಕದ ಬಾಡಿಗೆ ಸೈಕಲ್ ಶಾಪಿತ್ತು. ಇಷ್ಟೆಲ್ಲ ಇದ್ದೂ ಸಂಜೆ ಆರರಿಂದ ರಾತ್ರಿ ಹತ್ತರವರೆಗೆ ಕೇಬಲ್ಲಿನ ತಿರುಪು ತಿರುಗಿಸುತ್ತಾ ಕೂತೆ. ಒಂದು ಗೇರು ಸರಿ ಮಾಡಿದರೆ ಇನ್ನೊಂದು ಕಟಕಟ. ತಮ್ಮ ಊಟದ ತಟ್ಟೆ ಹಿಡಿದುಕೊಂಡೇ ಬಂದು, "ಏನಕ್ಕಾ, ಗೇರ್ ಹಾಕ್ತೀಯೋ ತಬಲಾ ಬಾರಿಸ್ತೀಯೋ?" ಅಂದ.

ಮರುದಿನ ಲ್ಯಾಬಿನಿಂದ ವರ್ನಿಯರ್ ತಂದು ಅಳೆದೆ. ಹಳೆಯ 10 ಸ್ಪೀಡ್ ಲಿವರ್ ಟಿಕ್ಕಿಗೆ 2.3 ಮಿ.ಮೀ. ಎಳೆಯುತ್ತಿತ್ತು. 4700ರಿಂದ ಟಿಯಾಗ್ರಕ್ಕೆ ಕಂಪನಿ 11 ಸ್ಪೀಡಿನ 1.4 ಲೆಕ್ಕವನ್ನೇ ಕೊಟ್ಟಿತ್ತು. 2.3 ಗುಣಿಸು 1.4, ಅಂದರೆ 3.2. ಬೇಕಾಗಿದ್ದು 3.95. ಐದು ಟಿಕ್ ಆಗುವಷ್ಟರಲ್ಲಿ ಹೆಚ್ಚುಕಡಿಮೆ ಒಂದು ಪೂರ್ತಿ ಚಕ್ರ ಹಿಂದೆ ಬಿದ್ದಿರುತ್ತಿತ್ತು. ಯಾವ ತಿರುಪು ತಿರುಗಿಸಿದರೂ ಇದು ಸರಿಹೋಗುವುದಿಲ್ಲ. ಅವತ್ತಿನಿಂದ ಹೆಸರನ್ನೂ ನಂಬುವುದಿಲ್ಲ, ಗೇರಿನ ಸಂಖ್ಯೆಯನ್ನೂ ನಂಬುವುದಿಲ್ಲ. ಭಾಗದ ಒಳಮುಖದಲ್ಲಿ ಕೊರೆದಿರುವ ಮಾಡೆಲ್ ನಂಬರ್ ಓದುತ್ತೇನೆ.

ಹಿಂದಿನ ಗಾಲಿಯ ನಡುವೆ ಇರುವ ಹಬ್ಬಿನ ವಿಷಯ ಇನ್ನೊಂದು. ಕ್ಯಾಸೆಟ್ ಕೂರುವ ಗೀರುಗಳಿರುವ ಭಾಗಕ್ಕೆ ಫ್ರೀಹಬ್ ಅನ್ನುತ್ತೇವೆ. 8, 9, 10 ಸ್ಪೀಡಿನದಕ್ಕಿಂತ 11 ಸ್ಪೀಡ್ ರೋಡ್ ಫ್ರೀಹಬ್ 1.85 ಮಿ.ಮೀ. ಉದ್ದ. ಆದ್ದರಿಂದ 11ರ ಹಬ್ಬಿಗೆ ಒಂದು ಸ್ಪೇಸರ್ (ಜಾಗ ತುಂಬುವ ಬಳೆ) ಹಾಕಿ 8ರ ಕ್ಯಾಸೆಟ್ ಕೂರಿಸಬಹುದು, ಆದರೆ 8ರ ಹಬ್ಬಿಗೆ 11ರ ರೋಡ್ ಕ್ಯಾಸೆಟ್ ಸಾಮಾನ್ಯವಾಗಿ ಕೂರುವುದಿಲ್ಲ. ಕೊನೆಯ ನಟ್ ಹಿಡಿಯುವುದೇ ಇಲ್ಲ. 11-34ರ ಒಂದೆರಡು ಮಾದರಿ ಮಾತ್ರ ಹಳೆಯ ಹಬ್ಬಿಗೂ ಕೂರುತ್ತವೆ. ಹಾಗಾಗಿ ಗೆಳೆಯರ ಸಾಮಾನಿನ ಹಿಂದೆಯೇ ಹಬ್ಬಿನ ಸಮೇತ ಹೊಸ ಗಾಲಿ, ಹೊಸ ಲಿವರ್, ಹೊಸ ಚೈನು, ಮುಂದಿನ ಡಿರೇಲರ್ ಎಲ್ಲ ಬರುತ್ತವೆ. ಹಸು ಅಗ್ಗಕ್ಕೆ ಸಿಕ್ಕಿತು ಅಂತ ಕೊಟ್ಟಿಗೆ ಕಟ್ಟಿಸಿದ ಹಾಗೆ.

ಇನ್ನು ಅಸಲಿ ವಿಷಯ. ನೀವು ಬೆಟ್ಟದಲ್ಲಿ ಸೈಕಲ್ ತಳ್ಳಿದ್ದು ಗೇರು ಎಂಟೇ ಇದ್ದುದಕ್ಕಲ್ಲ. ಹಿಂದಿನ ದೊಡ್ಡ ಚಕ್ರಕ್ಕೆ 28 ಹಲ್ಲು ಮಾತ್ರ ಇದ್ದುದಕ್ಕೆ. ಗೆಳೆಯರ ಕ್ಯಾಸೆಟ್ಟಿನ ದೊಡ್ಡ ಚಕ್ರಕ್ಕೆ ಎಷ್ಟು ಹಲ್ಲು ಅಂತ ನೀವು ಬರೆದೇ ಇಲ್ಲ! ಅದೂ 28 ಆಗಿದ್ದರೆ, ಅಷ್ಟೆಲ್ಲ ಖರ್ಚು ಮಾಡಿ ಅದೇ ಏರಿನಲ್ಲಿ, ಅದೇ ಜಾಗದಲ್ಲಿ ಮತ್ತೆ ಇಳಿದು ತಳ್ಳುತ್ತೀರಿ. ಗೇರಿನ ಸಂಖ್ಯೆ ಜಾಸ್ತಿಯಾದರೆ ಚಕ್ರಗಳ ನಡುವಿನ ಹೆಜ್ಜೆ ಸಣ್ಣದಾಗುತ್ತದೆ. ಬಯಲಿನಲ್ಲಿ, ಎದುರುಗಾಳಿಯಲ್ಲಿ ಅದು ಹಿತ. ಏರಿಗೆ ಬೇಕಾಗಿರುವುದು ಹಲ್ಲು.

ಈಗ ನೀವು ಮುಂದೆ 34, ಹಿಂದೆ 28ರಲ್ಲಿ ಪೆಡಲ್ ಒಂದು ಸುತ್ತು ತುಳಿದರೆ ಸೈಕಲ್ ಸುಮಾರು 2.55 ಮೀಟರ್ ಮುಂದೆ ಹೋಗುತ್ತದೆ. ಹಿಂದೆ 32 ಹಾಕಿದರೆ 2.23 ಮೀಟರ್. 34 ಹಾಕಿದರೆ 2.1 ಮೀಟರ್. ಒಂದು ಸುತ್ತಿಗೆ ಕಡಿಮೆ ದೂರ ಹೋದಷ್ಟೂ ಕಾಲಿಗೆ ಭಾರ ಕಡಿಮೆ. 28ರಿಂದ 32ಕ್ಕೆ ಹೋದರೇ ಎಂಟನೇ ಒಂದು ಪಾಲು ಹಗುರ. ನಿಧಾನ ಹೋಗುತ್ತೀರಿ, ಆದರೆ ಸೀಟಿನ ಮೇಲೆ ಕೂತೇ ಹೋಗುತ್ತೀರಿ.

8 ಸ್ಪೀಡಿನಲ್ಲೇ 11-32, 11-34 ಕ್ಯಾಸೆಟ್ ಸಿಗುತ್ತವೆ. ನನ್ನ ಮತ 11-32ಕ್ಕೆ. ಅದರಲ್ಲಿ ಕೊನೆಯ ಹೆಜ್ಜೆ 28ರಿಂದ 32ಕ್ಕೆ. 11-34ರ ಕೆಲವು ಮಾದರಿಗಳಲ್ಲಿ 26ರಿಂದ ಒಮ್ಮೆಲೇ 34ಕ್ಕೆ ಹಾರುತ್ತದೆ, ಏರಿನಲ್ಲಿ ಉಸಿರು ಕಟ್ಟಿರುವಾಗ ಆ ಹಾರಿಕೆ ಕಾಲಿಗೆ ಹಿಡಿಸುವುದಿಲ್ಲ. ಆದರೆ ಕೊಳ್ಳುವ ಮೊದಲು ನಿಮ್ಮ ಡಿರೇಲರಿನ ಒಳಮುಖ ನೋಡಿ. ಆರ್‌ಡಿ-ಆರ್2000 ಅಂತ ಇರುತ್ತದೆ, ಅದರ ಜೊತೆ ಎಸ್‌ಎಸ್ ಅಥವಾ ಜಿಎಸ್. ಜಿಎಸ್ ಅಂದರೆ ಉದ್ದ ತೋಳಿನದು. ಅದು 34 ಹಲ್ಲಿನವರೆಗೂ ತಡೆಯುತ್ತದೆ. ಎಸ್‌ಎಸ್ ಗಿಡ್ಡ ತೋಳು. ಅದಾಗಿದ್ದರೆ ಕ್ಯಾಸೆಟ್ಟಿನ ಜೊತೆ ಒಂದು ಜಿಎಸ್ ಡಿರೇಲರನ್ನೂ ಕೊಳ್ಳಿ. ಶಿಮಾನೊದ ಸೋರ ಆರ್3000 ಜಿಎಸ್ ಸಿಕ್ಕರೂ ಆಗುತ್ತದೆ. ಅದು 9 ಸ್ಪೀಡಿನದಾದರೂ 1.7ರ ಲೆಕ್ಕದ್ದೇ, ನಿಮ್ಮ ಲಿವರಿನ ಮಾತು ಕೇಳುತ್ತದೆ.

ಹಳೆಯ ಚೈನು ಗಿಡ್ಡ ಆಗುತ್ತದೆ, ಹೊಸ 8 ಸ್ಪೀಡ್ ಚೈನು ತನ್ನಿ. ಡಿರೇಲರಿನೊಳಗೆ ತೂರಿಸದೆ ಮುಂದಿನ ದೊಡ್ಡ ಚಕ್ರ, ಹಿಂದಿನ ದೊಡ್ಡ ಚಕ್ರದ ಮೇಲೆ ಸುತ್ತಿ, ತುದಿಗಳು ಕೂಡುವ ಜಾಗದಿಂದ ಎರಡು ಕೊಂಡಿ ಜಾಸ್ತಿ ಬಿಟ್ಟು ಕತ್ತರಿಸಿ. ಗಿಡ್ಡ ಚೈನು ಇಟ್ಟುಕೊಂಡು ಯಾವತ್ತೋ ಮರೆತು ದೊಡ್ಡದು-ದೊಡ್ಡದಕ್ಕೆ ಹಾಕಿದರೆ ಡಿರೇಲರ್ ಹರಿದುಕೊಂಡು ಬರುತ್ತದೆ. ನಮ್ಮಲ್ಲಿಗೆ ಬಂದ ಒಂದು ಸೈಕಲ್ಲಿನಲ್ಲಿ ಡಿರೇಲರಿನ ಜೊತೆ ಗಾಲಿಯ ನಾಲ್ಕು ಕಡ್ಡಿಯೂ ಹೋಗಿದ್ದವು.

ಮುಂದೆ ಯಾವತ್ತಾದರೂ 11 ಸ್ಪೀಡೇ ಬೇಕು ಅನ್ನಿಸಿದರೆ, ಲಿವರಿನಿಂದ ಹಿಡಿದು ಪೂರ್ತಿ ಸೆಟ್ ಇರುವ ಸೆಕೆಂಡ್ ಹ್ಯಾಂಡ್ ಸೈಕಲ್ಲನ್ನೇ ನೋಡಿ. ಬಿಡಿಬಿಡಿಯಾಗಿ ಕೂಡಿಸುವುದಕ್ಕಿಂತ ಅಗ್ಗ.

ಪ್ರಶ್ನೆ: ರಾಯಚೂರಿನ ಹತ್ತಿರ ಶಕ್ತಿನಗರದಲ್ಲಿದ್ದೇನೆ. ಹಳೆಯ ಚೈನು ನಾಲ್ಕು ವರ್ಷ ಬಂತು. ಹೊಸದು ಹಾಕಿಸಿದ ದಿನದಿಂದ, ಜೋರಾಗಿ ತುಳಿದರೆ ಹಿಂದಿನ ಸಣ್ಣ ಎರಡು ಮೂರು ಗೇರಿನಲ್ಲಿ ಚೈನು ಹಾರುತ್ತದೆ. ಚೈನೇ ಡುಪ್ಲಿಕೇಟ್ ಇರಬೇಕು ಅಂತ ಮೆಕ್ಯಾನಿಕ್ ಹೇಳುತ್ತಾರೆ. 9 ಸ್ಪೀಡ್.

ಉತ್ತರ: ಚೈನು ಪಾಪ ಏನೂ ಮಾಡಿಲ್ಲ. ನಾಲ್ಕು ವರ್ಷ ಹಳೆಯ ಚೈನು ಸವೆದು ಉದ್ದ ಆಗಿದೆ, ಅದರ ಜೊತೆಗೇ ಹಲ್ಲುಗಳೂ ಸವೆದಿವೆ. ಒಂದಕ್ಕೊಂದು ಒಗ್ಗಿಕೊಂಡಿದ್ದವು. ಹೊಸ ಚೈನಿನ ಅಳತೆ ಸರಿಯಾಗಿದೆ, ಹಲ್ಲಿನ ಅಳತೆ ಸರಿಯಿಲ್ಲ, ಅದಕ್ಕೇ ಹಾರುತ್ತದೆ. ಹೆಚ್ಚು ಓಡಿಸುವ ಗೇರುಗಳಲ್ಲೇ ಹಾರುತ್ತಿದೆ, ಗಮನಿಸಿದ್ದೀರಾ? ಕ್ಯಾಸೆಟ್ ಬದಲಿಸಿ. 9 ಸ್ಪೀಡ್ ಕ್ಯಾಸೆಟ್ ಶಿಮಾನೊದ್ದಾದರೂ ಸ್ರ್ಯಾಮ್ ಕಂಪನಿಯದ್ದಾದರೂ ನಿಮ್ಮ ಹಬ್ಬಿಗೆ ಕೂರುತ್ತದೆ. ದೊಡ್ಡ ಚಕ್ರದ ಹಲ್ಲು ಮಾತ್ರ ಈಗ ಇದ್ದಷ್ಟೇ ಇರಲಿ.

ಮುಂದಿನ ಸಲ ಇಷ್ಟು ದಿನ ಬಿಡಬೇಡಿ. ಒಂದು ಸ್ಟೀಲ್ ಸ್ಕೇಲ್ ಸಾಕು, ಬೇರೆ ಸಾಮಾನು ಬೇಡ. ಚೈನಿನ ಒಂದು ಪಿನ್ನಿನ ನಡುವೆ ಸೊನ್ನೆ ಇಟ್ಟು 24 ಪಿನ್ ಎಣಿಸಿ. ಹೊಸ ಚೈನಿನಲ್ಲಿ ಅದು ಸರಿಯಾಗಿ 12 ಇಂಚಿಗೆ ಬರುತ್ತದೆ. ಇಂಚಿನ ಹದಿನಾರನೇ ಒಂದು ಪಾಲು ಆಚೆ ಹೋಗಿದ್ದರೆ ಚೈನು ಬದಲಿಸುವ ಹೊತ್ತು. ಎಂಟನೇ ಒಂದು ಪಾಲು ಹೋಗಿದ್ದರೆ ಕ್ಯಾಸೆಟ್ಟೂ ಹೋಯಿತು ಅಂತಲೇ ತಿಳಿಯಿರಿ.

ನಿಮ್ಮಲ್ಲಿ ವಿದ್ಯುತ್ ಸ್ಥಾವರದ ಬೂದಿ, ನಮ್ಮಲ್ಲಿ ಅದಿರಿನ ಕೆಂಪು ಧೂಳು. ತೋರಣಗಲ್ಲು ರಸ್ತೆಯಲ್ಲಿ ಒಂದು ಭಾನುವಾರ ಹೋಗಿ ಬಂದರೆ ನನ್ನ ಚೈನು ಕುಂಕುಮದ ಬಣ್ಣ. ಅದರ ಮೇಲೇ ಎಣ್ಣೆ ಸುರಿದರೆ ಅದು ಎಣ್ಣೆಯಲ್ಲ, ಲೋಹ ಉಜ್ಜಿ ಸವೆಸುವ ವಾಲ್ವ್ ಗ್ರೈಂಡಿಂಗ್ ಪೇಸ್ಟ್. ಮೊದಲು ಬಟ್ಟೆಯಿಂದ ಒರೆಸಿ. ಆಮೇಲೆ ಒಂದೊಂದು ರೋಲರಿಗೆ ಒಂದೇ ಹನಿ. ಸ್ವಲ್ಪ ಹೊತ್ತು ಬಿಟ್ಟು ಹೊರಗಿನ ಎಣ್ಣೆಯನ್ನೆಲ್ಲ ಒರೆಸಿ ತೆಗೆಯಿರಿ. ಮಳೆಗಾಲದ ಎರೆಮಣ್ಣಿಗೆ ಮಾತ್ರ ನನ್ನ ಹತ್ತಿರವೂ ಮದ್ದಿಲ್ಲ, ಇಳಿದು ಕಡ್ಡಿಯಿಂದ ಕೆದರಬೇಕು ಅಷ್ಟೇ.

ಪ್ರಶ್ನೆ: ಅಕ್ಕಾ, ಕೊಪ್ಪಳದಲ್ಲಿ ಪಿಯುಸಿ ಓದುತ್ತಿದ್ದೇನೆ. ಸ್ರ್ಯಾಮ್ ಲಿವರಿಗೆ ಶಿಮಾನೊ ಹಿಂದಿನ ಡಿರೇಲರ್ ನಡೆಯುತ್ತದಾ? ಎರಡೂ 10 ಸ್ಪೀಡ್.

ಉತ್ತರ: ಇಲ್ಲ ಪುಟ್ಟಾ. ಎಳೆತದ ಲೆಕ್ಕ ಬೇರೆ. ಚೈನು, ಕ್ಯಾಸೆಟ್ ಒಬ್ಬರದ್ದು ಇನ್ನೊಬ್ಬರಿಗೆ ಆಗುತ್ತದೆ, ಲಿವರು ಮತ್ತು ಡಿರೇಲರ್ ಒಂದೇ ಮನೆಯವು ಆಗಿರಬೇಕು. ಮೇಲಿನ ದೊಡ್ಡ ಉತ್ತರ ಓದು, ನನ್ನ ತಬಲಾ ಕಥೆ ಸಮೇತ.

ಪ್ರಶ್ನೆ: ನನ್ನದು 7 ಗೇರಿನ ಹೈಬ್ರಿಡ್ ಸೈಕಲ್. ಹಿಂದೆ ಇರುವುದು ಕ್ಯಾಸೆಟ್ಟೋ ಫ್ರೀವೀಲೋ ಗೊತ್ತಾಗುವುದು ಹೇಗೆ? ಶಾಪಿನಲ್ಲಿ ಇಬ್ಬರು ಎರಡು ಥರ ಹೇಳಿದರು. — ಬಳ್ಳಾರಿ ಓದುಗರು

ಉತ್ತರ: ಹಿಂದಿನ ಚಕ್ರ ಬಿಚ್ಚಿ ಕೈಯಲ್ಲಿ ಹಿಡಿಯಿರಿ. ಗೇರು ಚಕ್ರಗಳನ್ನು ಹಿಂದಕ್ಕೆ ತಿರುಗಿಸುತ್ತಾ ನಡುವೆ ಟೂಲ್ ಕೂರುವ ಗೀರುಗಳನ್ನು ನೋಡಿ. ಅವೂ ಜೊತೆಗೇ ತಿರುಗಿದರೆ ಕ್ಯಾಸೆಟ್. ನಿಂತಲ್ಲೇ ನಿಂತರೆ ಫ್ರೀವೀಲ್, ಅಂದರೆ ಹಬ್ಬಿಗೆ ಥ್ರೆಡ್ಡಿನಿಂದ ಕೂರಿಸಿದ್ದು. ಫ್ರೀವೀಲ್ ಇದ್ದರೆ ಆ ಹಬ್ಬಿಗೆ ಕ್ಯಾಸೆಟ್ ಕೂರುವುದಿಲ್ಲ, ಫ್ರೀವೀಲಿನಲ್ಲೇ ದೊಡ್ಡ ಹಲ್ಲಿನದು ಹುಡುಕಿ. ಬಿಚ್ಚುವಾಗ ಸರಿಯಾದ ಟೂಲ್ ಇಲ್ಲದೆ ಉಳಿ-ಸುತ್ತಿಗೆ ಹಿಡಿದವರ ಕೈಗೆ ಮಾತ್ರ ಕೊಡಬೇಡಿ.