ಲೋರೈಡರ್ ಕಾರುಗಳು (ನೆಲಕ್ಕೆ ತಾಗುವಷ್ಟು ತಗ್ಗಿಸಿದ ಕಾರುಗಳು) ಸ್ವಿಚ್ ಒತ್ತಿದರೆ ಏಳುವುದು, ಕುಣಿಯುವುದು ಹೇಗೆ? ಯಾಕೆ?

ಮೊದಲು 'ಯಾಕೆ' ನೋಡೋಣ, ಕಥೆ ಇರುವುದೇ ಅಲ್ಲಿ. ಎರಡನೇ ಮಹಾಯುದ್ಧದ ನಂತರ ಲಾಸ್ ಏಂಜಲೀಸ್ ಕಡೆಯ ಮೆಕ್ಸಿಕನ್ ಮೂಲದ ಯುವಕರು ಹಳೇ ಕಾರುಗಳನ್ನು ನೆಲಕ್ಕೆ ತಾಗುವಷ್ಟು ತಗ್ಗಿಸಿ, ಮೆಲ್ಲಗೆ ಓಡಿಸುತ್ತಿದ್ದರು. ಡಿಕ್ಕಿಯಲ್ಲಿ ಮರಳು ಮೂಟೆ ಇಡುವುದು, ಸ್ಪ್ರಿಂಗ್ ಕತ್ತರಿಸುವುದು ಆಗಿನ ಉಪಾಯ. 1958ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕಾನೂನು ಬಂತು: ಕಾರಿನ ಯಾವ ಭಾಗವೂ ಚಕ್ರದ ರಿಮ್‌ನ ತಳಕ್ಕಿಂತ ಕೆಳಗಿರಬಾರದು. ಆಗ ರಾನ್ ಅಗೀರೆ ಎಂಬವರು ತಮ್ಮ ಕಾರ್ವೆಟ್ ಕಾರಿಗೆ ವಿಮಾನದ ಹೈಡ್ರಾಲಿಕ್ ಪಂಪ್ (ಎಣ್ಣೆಯ ಒತ್ತಡದಿಂದ ಎತ್ತುವ ಪಂಪ್) ಜೋಡಿಸಿದರು. ಪೊಲೀಸರು ಕಂಡರೆ ಮೇಲೆ, ಆಮೇಲೆ ಮತ್ತೆ ಕೆಳಗೆ. ಎಂಥಾ ತಲೆ ಅಲ್ವಾ!

ಇನ್ನು 'ಹೇಗೆ'. ಪ್ರತಿ ಚಕ್ರದ ಸ್ಪ್ರಿಂಗ್ ಜೊತೆ ಒಂದು ಸಿಲಿಂಡರ್ ಇರುತ್ತದೆ. ಡಿಕ್ಕಿಯಲ್ಲಿರುವ ಪಂಪ್ ಅದಕ್ಕೆ ಎಣ್ಣೆ ನೂಕಿದರೆ ಆ ಮೂಲೆ ಏಳುತ್ತದೆ. ವಾಲ್ವ್ ತೆರೆದರೆ ಎಣ್ಣೆ ಟ್ಯಾಂಕಿಗೆ ಮರಳುತ್ತದೆ, ಕಾರು ಇಳಿಯುತ್ತದೆ. ಜೆಸಿಬಿ ತೋಳು ಏಳುವುದೂ ಇದೇ ತತ್ವದಿಂದ. ಕುಣಿಯಬೇಕಾದರೆ ಎಣ್ಣೆ ರಭಸವಾಗಿ ನುಗ್ಗಬೇಕು. ಅದಕ್ಕೇ ಡಿಕ್ಕಿ ತುಂಬಾ ಬ್ಯಾಟರಿ ಸಾಲಾಗಿ ಜೋಡಿಸಿ ವೋಲ್ಟೇಜ್ ಹೆಚ್ಚಿಸುತ್ತಾರೆ. ಚಾಸಿ, ಅಂದರೆ ಕಾರಿನ ಅಡಿ ಚೌಕಟ್ಟು, ಗಟ್ಟಿಯಿಲ್ಲದಿದ್ದರೆ ಸುಮ್ನೆ ಬಿರುಕು ಬಿಡುತ್ತದೆ, ಹಾಗಾಗಿ ಮೊದಲು ಉಕ್ಕಿನ ಪಟ್ಟಿ ಬೆಸೆಯುತ್ತಾರೆ.

ಗಾಳಿ ಚೀಲದ ಸಸ್ಪೆನ್ಷನ್ ಕೂಡ ಎತ್ತರ ಬದಲಿಸುತ್ತದೆ. ಸವಾರಿ ಮೆತ್ತಗೆ, ಆದರೆ ಜಿಗಿತ ಕಡಿಮೆ.

ಆ ಹಳೇ ಕಾನೂನನ್ನು ಕ್ಯಾಲಿಫೋರ್ನಿಯಾ 2024ರ ಜನವರಿಯಿಂದ ತೆಗೆದುಹಾಕಿದೆ. ನನಗಂತೂ ತುಂಬಾ ಖುಷಿಯಾಯಿತು.