ಮೈಸೂರಿಂದ ಮೇಲುಕೋಟೆಗೆ ಮಣ್ಣಿನ ದಾರಿ: ನಾಲೆ ಏರಿ ಹಿಡಿದು ಹೋಗಿ

ನಮಸ್ಕಾರ. ನೀವು ಕೇಳಿದ್ದು ಇಷ್ಟು: ಹೊಸದಾಗಿ ಗ್ರ್ಯಾವೆಲ್ ಸೈಕಲ್ (ಮಣ್ಣು, ಜಲ್ಲಿ ದಾರಿಯಲ್ಲೂ ಓಡುವ ಸೈಕಲ್) ತಗೊಂಡಿದ್ದೀರಿ, ಚಾಮುಂಡಿ ಬೆಟ್ಟ, ರಿಂಗ್ ರೋಡ್ ಸುತ್ತಿ ಸಾಕಾಗಿದೆ, ಒಂದು ದಿನದಲ್ಲಿ ಮುಗಿಯುವ, ಮಣ್ಣಿನ ದಾರಿ ಜಾಸ್ತಿ ಇರುವ, ಹಳೇ ಊರು, ಗುಡಿಗಳು ಸಿಗುವ ರೂಟ್ ಬೇಕು. 35 ಎಂ.ಎಂ. ಅಗಲದ ಟೈರ್ ಸಾಕಾ, ಎಂಟನೇ ಕ್ಲಾಸಿನ ಮಗನನ್ನೂ ಕರೆದುಕೊಂಡು ಹೋಗಬಹುದಾ ಅಂತಲೂ ಕೇಳಿದ್ದೀರಿ. ನಿಮ್ಮ ಪ್ರಶ್ನೆಗೆ ಕೆಲವರು ಸೋಮನಾಥಪುರ, ಮೇಲುಕೋಟೆ, ತಲಕಾಡು ಅಂತ ಹೇಳಿದ್ದಾರೆ. ಊರುಗಳೆಲ್ಲ ಚೆನ್ನಾಗಿವೆ. ಆದರೆ ಮ್ಯಾಪಿನಲ್ಲಿ ದೇವಸ್ಥಾನದ ಹೆಸರು ಹಾಕಿ ದಾರಿ ಕೇಳಿದರೆ ಅದು ನಿಮ್ಮನ್ನು ಬಸ್ಸು, ಲಾರಿ ಓಡಾಡುವ ಡಾಂಬರಿಗೇ ತಂದು ನಿಲ್ಲಿಸುತ್ತದೆ.

ನಮ್ಮ ಕಡೆ ನೀರು ಹೋಗುವ ದಾರಿಯನ್ನು ನೋಡಿಕೊಂಡು ರೂಟ್ ಮಾಡಬೇಕು. ನಾಲೆ ಏರಿ, ಕೆರೆ ಏರಿ, ಅವುಗಳ ನಡುವಿನ ಗಾಡಿ ದಾರಿ. ನಾಲೆಯಲ್ಲಿ ನೀರು ತಾನಾಗೇ ಹರಿಯಬೇಕಲ್ವಾ, ಹಾಗಾಗಿ ಏರಿ ಮೇಲೆ ಏರು-ಇಳಿವು ತುಂಬಾ ಕಡಿಮೆ. ಇಲಾಖೆಯ ಜೀಪು ಓಡಾಡಲಿ ಅಂತ ಜಲ್ಲಿ, ಮಣ್ಣು ಹಾಕಿದ ದಾರಿಯೂ ಪಕ್ಕದಲ್ಲೇ ಇರುತ್ತದೆ. ಹಳೇ ಊರುಗಳು ಬೆಳೆದದ್ದೇ ಈ ನೀರಿನ ಆಸುಪಾಸಿನಲ್ಲಿ. ನಾಲೆ ಹಿಡಿದು ಹೋದರೆ ಗುಡಿ, ಅರಳಿಕಟ್ಟೆ, ಆಲೆಮನೆ ಒಂದೊಂದಾಗಿ ಸಿಗುತ್ತಾ ಹೋಗುತ್ತವೆ.

ನಾನು ಹೇಳುವ ರೂಟ್ ಶ್ರೀರಂಗಪಟ್ಟಣ, ಪಾಂಡವಪುರ, ತೊಣ್ಣೂರು, ಮೇಲುಕೋಟೆ. ನೇರ ರಸ್ತೆಯಲ್ಲಿ ಮೈಸೂರಿಂದ ಮೇಲುಕೋಟೆ ಸುಮಾರು 50 ಕಿ.ಮೀ. ನಾಲೆ, ಕೆರೆ ಬಳಸಿಕೊಂಡು ಹೋದರೆ 60 ದಾಟುತ್ತದೆ. ಹೋಗಿ ಬರುವುದು ಜಾಸ್ತಿ ಆಯ್ತು ಅನ್ನಿಸಿದರೆ ಕಾರಿನಲ್ಲಿ ಸೈಕಲ್ ಹಾಕಿಕೊಂಡು ಬಂದು ಶ್ರೀರಂಗಪಟ್ಟಣದಿಂದಲೇ ಶುರು ಮಾಡಿ.

ಮೈಸೂರಿಂದ ಹೊರಡುವಾಗ ಎಕ್ಸ್‌ಪ್ರೆಸ್‌ವೇ ಆಸೆ ಬಿಡಿ. 2023ರ ಆಗಸ್ಟ್ 1ರಿಂದ ಅದರ ಮುಖ್ಯ ದಾರಿಯಲ್ಲಿ ಬೈಕು, ಆಟೋ, ಟ್ರ್ಯಾಕ್ಟರ್ ಜೊತೆ ಸೈಕಲ್ಲಿಗೂ ಪ್ರವೇಶ ಇಲ್ಲ. ಕೆ.ಆರ್.ಎಸ್. ರಸ್ತೆಯಲ್ಲಿ ಬೆಳಗೊಳದ ತನಕ ಹೋಗಿ, ಅಲ್ಲಿಂದ ಪಾಲಹಳ್ಳಿ, ರಂಗನತಿಟ್ಟು ಕಡೆಗೆ ತಿರುಗಿಕೊಳ್ಳಿ. ಈ ಬಲದಂಡೆಯಲ್ಲಿರುವುದು ವಿರಿಜಾ ನಾಲೆ. ಬೆಳಗ್ಗೆ ಬೇಗ ಬಂದರೆ ಗದ್ದೆಗಳ ಮೇಲೆ ಬೆಳ್ಳಕ್ಕಿ ಹಿಂಡು ನೋಡಬಹುದು.

ಶ್ರೀರಂಗಪಟ್ಟಣದಲ್ಲಿ ಎಲ್ಲರೂ ನೋಡುವ ಜಾಗಗಳು ನಿಮಗೆ ಗೊತ್ತೇ ಇರುತ್ತವೆ. ನೀವು ಬಂಗಾರದೊಡ್ಡಿ ನಾಲೆಯನ್ನು ತಪ್ಪದೆ ನೋಡಿ. ಕಂಠೀರವ ನರಸರಾಜ ಒಡೆಯರ ಕಾಲದ್ದು, ಅಂದರೆ 17ನೇ ಶತಮಾನದ ಕೆಲಸ. ಕಾವೇರಿಗೆ ಅಡ್ಡಲಾಗಿ ಮೇಲ್ಗಾಲುವೆ ಕಟ್ಟಿ, ನದಿಯ ಮೇಲಿಂದಲೇ ನೀರು ದಾಟಿಸಿ ದ್ವೀಪದ ಗದ್ದೆಗಳಿಗೆ ಕೊಟ್ಟಿದ್ದಾರೆ. ಕೆಳಗೆ ಹೊಳೆ, ಮೇಲೆ ನಾಲೆ. ಅದರ ಮುಂದೆ ನಿಂತು ನೋಡಿದರೆ ಈ ಸೀಮೆಯ ಜನ ನೀರಿಗಾಗಿ ಎಷ್ಟು ತಲೆ ಓಡಿಸಿದ್ದಾರೆ ಅಂತ ಅರ್ಥವಾಗುತ್ತದೆ. ನನಗಂತೂ ಕೋಟೆಗಿಂತ ಇದೇ ದೊಡ್ಡದು ಅನ್ನಿಸುತ್ತದೆ.

ಎಡದಂಡೆಗೆ ದಾಟಿದ ಮೇಲೆ ಎರಡು ನಾಲೆ ಸಿಗುತ್ತವೆ. ಹೊಳೆಗೆ ಹತ್ತಿರ ಇರುವುದು ಚಿಕ್ಕದೇವರಾಜ ಸಾಗರ ನಾಲೆ, ಜನ ಸಿ.ಡಿ.ಎಸ್. ನಾಲೆ ಅಂತಾರೆ. ಹಳೇ ಕಾಲದ ನಾಲೆ, ನೆಲ ಹೇಗಿದೆಯೋ ಹಾಗೆ ಬಳುಕಿಕೊಂಡು ಹೋಗುತ್ತದೆ. ಏರಿ ಕಿರಿದು, ಹೊಂಗೆ ಮರದ ನೆರಳು ಚೆನ್ನಾಗಿರುತ್ತದೆ. ಮೇಲ್ಗಡೆ ಇರುವುದು ವಿಶ್ವೇಶ್ವರಯ್ಯ ನಾಲೆ, ಅಂದರೆ ವಿ.ಸಿ. ನಾಲೆ. ಕನ್ನಂಬಾಡಿ ಕಟ್ಟೆಯಿಂದ ಹೊರಡುವುದು, ಮೊದಲು ಇರ್ವಿನ್ ನಾಲೆ ಅಂತ ಹೆಸರಿತ್ತು. ಏರಿ ಅಗಲ, ಸೈಕಲ್ ಸಲೀಸಾಗಿ ಓಡುತ್ತದೆ.

ಈ ವಿ.ಸಿ. ನಾಲೆ ಬಗ್ಗೆ ಒಂದು ಮಾತು ಗಟ್ಟಿಯಾಗಿ ಹೇಳಬೇಕು. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಹತ್ತಿರ ಬಸ್ಸು ಇದೇ ನಾಲೆಗೆ ಬಿದ್ದು 30 ಜನ ಸತ್ತರು. ಮಕ್ಕಳೂ ಇದ್ದರು. ಒಳಗಿನ ಇಳಿಜಾರಿಗೆ ಕಾಂಕ್ರೀಟ್ ಹಾಕಿದ ಕಡೆ ಪಾಚಿ ಕಟ್ಟಿರುತ್ತದೆ, ಬಿದ್ದರೆ ಹಿಡಿದು ಹತ್ತಲು ಏನೂ ಇರುವುದಿಲ್ಲ. ಈಜು ಬಂದರೂ ಕಷ್ಟ. ನೀರು ಬಿಟ್ಟಿರುವಾಗ ಏರಿಯ ಹೊರಗಿನ ಅಂಚಿನಲ್ಲೇ ಹೋಗಿ, ಇಬ್ಬರು ಪಕ್ಕಪಕ್ಕ ಬೇಡ, ವಿಡಿಯೋ ಮಾಡುತ್ತಾ ಒಂದು ಕೈಯಲ್ಲಿ ಹ್ಯಾಂಡಲ್ ಹಿಡಿಯುವುದಂತೂ ಬೇಡವೇ ಬೇಡ. ಎಮ್ಮೆ, ದನ ಎದುರಾದರೆ ಬೆಲ್ ಹೊಡೆಯದೆ ಇಳಿದು ನಿಂತುಕೊಳ್ಳಿ, ಅವು ಬೆದರಿದರೆ ನಿಮ್ಮನ್ನು ನಾಲೆ ಕಡೆಗೇ ತಳ್ಳುತ್ತವೆ. ಮೆಟ್ಟಿಲಲ್ಲಿ ಹೆಂಗಸರು ಬಟ್ಟೆ ಒಗೆಯುತ್ತಿರುತ್ತಾರೆ, ಅಲ್ಲಿ ಫೋನ್ ತೆಗೆಯಬೇಡಿ.

ಏರಿ ಎಲ್ಲಿ ಕೊರೆದಿದೆ, ಎಲ್ಲಿ ಕೆಲಸ ನಡೀತಿದೆ ಅನ್ನುವುದು ಯಾವ ಆಪ್‌ನಲ್ಲೂ ಇರುವುದಿಲ್ಲ. ಅದು ಗೊತ್ತಿರುವುದು ನೀರುಗಂಟಿಗೆ, ಅಂದರೆ ಗದ್ದೆಗಳಿಗೆ ನೀರು ಬಿಡುವವನಿಗೆ. ಗುದ್ದಲಿ ಹಿಡಿದು ತೂಬಿನ ಹತ್ತಿರ ನಿಂತವರು ಕಂಡರೆ "ಅಣ್ಣಾ, ಈ ಏರಿ ಮುಂದಕ್ಕೆ ಹೋಗುತ್ತಾ?" ಅಂತ ಕೇಳಿ. "ಹೋಯ್ತದೆ, ಆದ್ರೆ ತೂಬಿನ್ ತಾವ ಕೊರ್ದೈತೆ, ಇಳ್ದು ತಳ್ಕೊಂಡ್ ಹೋಗಿ" ಅಂತ ಪಕ್ಕಾ ಮಾಹಿತಿ ಕೊಡುತ್ತಾರೆ. ಪಾಂಡವಪುರಕ್ಕೆ ತಿರುಗದೆ ವಿ.ಸಿ. ನಾಲೆಯನ್ನೇ ಹಿಡಿದು ಮುಂದೆ ಹೋದರೆ ಹುಲಿಕೆರೆ ಹತ್ತಿರ ಏರಿ ನಿಂತುಹೋಗುತ್ತದೆ. ಅಲ್ಲಿ ನೀರು ಗುಡ್ಡದೊಳಗಿನ ಸುರಂಗಕ್ಕೆ ನುಗ್ಗುತ್ತದೆ, ಮೂರು ಕಿ.ಮೀ.ಗೆ ಹತ್ತಿರದ ಉದ್ದ. ನೀವು ಗುಡ್ಡ ಬಳಸಿಕೊಂಡು ಬರಬೇಕು.

ಪಾಂಡವಪುರಕ್ಕೆ ಬ್ರಿಟಿಷರ ಕಾಲದಲ್ಲಿ ಫ್ರೆಂಚ್ ರಾಕ್ಸ್ ಅನ್ನುತ್ತಿದ್ದರು, ಹೈದರ್, ಟಿಪ್ಪು ಕಡೆಯ ಫ್ರೆಂಚ್ ಸೈನಿಕರು ಬೀಡುಬಿಟ್ಟಿದ್ದ ಜಾಗ. ತಿಂಡಿ ಇಲ್ಲೇ ಮುಗಿಸಿ, ನೀರು ತುಂಬಿಸಿಕೊಳ್ಳಿ. ಕುಂತಿ ಬೆಟ್ಟದ ಬಂಡೆಗಳನ್ನು ನೋಡಿಕೊಂಡು ತೊಣ್ಣೂರು ಕಡೆ ಹೊರಟರೆ ಸೀಮೆಯೇ ಬದಲಾಗುತ್ತದೆ. ಕಬ್ಬು, ಭತ್ತ ಹಿಂದೆ ಉಳಿದು ರಾಗಿ, ಹುರುಳಿ, ತೆಂಗು, ಕೆಂಪು ಮಣ್ಣು, ಕಲ್ಲುಗುಡ್ಡ ಶುರು. ಈ ರೂಟ್ ನನಗೆ ಇಷ್ಟ ಆಗುವುದೇ ಅದಕ್ಕೆ. ಅರ್ಧ ದಿನದಲ್ಲಿ ನೀರಾವರಿಯಿಂದ ಖುಷ್ಕಿಗೆ, ಅಂದರೆ ಮಳೆ ನಂಬಿದ ಹೊಲಗಳಿಗೆ ಬಂದುಬಿಡುತ್ತೀರಿ, ಅದು ಕಾಲಿಗೂ ಗೊತ್ತಾಗುತ್ತದೆ.

ತೊಣ್ಣೂರು ಕೆರೆ ಎರಡು ಗುಡ್ಡಗಳ ನಡುವೆ ಏರಿ ಕಟ್ಟಿ ನಿಲ್ಲಿಸಿದ ನೀರು. ಇದಕ್ಕೆ ಮೋತಿ ತಲಾಬ್ ಅಂತಲೂ ಹೆಸರಿದೆ. ರಾಮಾನುಜಾಚಾರ್ಯರು ಇದ್ದ ಊರು ಇದು, ಹೊಯ್ಸಳರ ಕಾಲದ ನಂಬಿನಾರಾಯಣ ದೇವಸ್ಥಾನದ ಎದುರು ಸೈಕಲ್ ನಿಲ್ಲಿಸಿ ಒಂದರ್ಧ ಗಂಟೆ ಕೂರಬಹುದು, ಜನಜಂಗುಳಿ ಕಡಿಮೆ. ಕೆರೆಗೆ ಇಳಿಯಬೇಡಿ, ಆಳ ಜಾಸ್ತಿ.

ಇಲ್ಲಿಂದ ಮೇಲುಕೋಟೆ ತನಕ ಟೈರಿಗೆ ಪರೀಕ್ಷೆ. ಹೊಲದ ದಾರಿ ತುಂಬ ನೆಗ್ಗಿಲು. ಗಿಡ ನೆಲಕ್ಕೆ ಅಂಟಿಕೊಂಡು ಹಬ್ಬಿರುತ್ತದೆ, ಪುಟ್ಟ ಹಳದಿ ಹೂವು, ನೋಡಲು ಏನೂ ಅನ್ನಿಸುವುದಿಲ್ಲ. ಆದರೆ ಅದರ ಕಾಯಿ ಹೇಗೆ ಬಿದ್ದರೂ ಒಂದು ಮುಳ್ಳು ಮೇಲಕ್ಕೇ ಇರುತ್ತದೆ. ಒಂದು ಸಲ ಪಕ್ಕಕ್ಕೆ ಇಳಿದರೆ ಟೈರಿನಲ್ಲಿ ಏಳೆಂಟು ಕಾಯಿ ಕಚ್ಚಿಕೊಂಡಿರುತ್ತವೆ. ಅದಕ್ಕೇ ಈ ಸೀಮೆಗೆ ಟ್ಯೂಬ್‌ಲೆಸ್ ಒಳ್ಳೆಯದು, ಸೀಲೆಂಟ್ (ತೂತನ್ನು ಒಳಗಿಂದಲೇ ಮುಚ್ಚುವ ದ್ರವ) ಹಾಕಿಸಿ. ನಮ್ಮ ಸೆಕೆಗೆ ಅದು ಬೇಗ ಒಣಗುತ್ತದೆ, ಎರಡು ಮೂರು ತಿಂಗಳಿಗೊಮ್ಮೆ ನೋಡಿ ತುಂಬಿಸಬೇಕು. ಟ್ಯೂಬ್ ಇಟ್ಟುಕೊಂಡೇ ಹೋಗುವುದಾದರೆ ಎರಡು ಹೆಚ್ಚುವರಿ ಟ್ಯೂಬ್ ಇರಲಿ. ಬದಲಾಯಿಸುವಾಗ ಟೈರಿನ ಒಳಗೆ ಬೆರಳಾಡಿಸಿ, ಮುರಿದ ಮುಳ್ಳಿನ ತುದಿ ಉಳಿದಿದ್ದರೆ ಹೊಸ ಟ್ಯೂಬೂ ಹೋಯಿತು. 35 ಎಂ.ಎಂ. ಒಣ ಏರಿಗೆ ಸಾಕು. ಕಬ್ಬಿನ ಟ್ರ್ಯಾಕ್ಟರ್ ಓಡಾಡಿ ಗಾಲಿ ಜಾಡು ಬಿದ್ದ ಕಡೆ 40 ಇದ್ದರೆ ಸಮಾಧಾನ. 70 ಕೆ.ಜಿ. ತೂಕದವರಿಗೆ 40 ಟ್ಯೂಬ್‌ಲೆಸ್‌ನಲ್ಲಿ 35 ಪಿ.ಎಸ್.ಐ. ಗಾಳಿಯ ಒತ್ತಡದ ಆಸುಪಾಸಿನಿಂದ ಶುರು ಮಾಡಿ, ಆಮೇಲೆ ನಿಮಗೆ ಹೇಗೆ ಬೇಕೋ ಹಾಗೆ.

ಸುಗ್ಗಿ ಕಾಲದಲ್ಲಿ ರಾಗಿ, ಹುರುಳಿಯನ್ನು ರಸ್ತೆ ಮೇಲೇ ಹರಡಿರುತ್ತಾರೆ. ಸೈಕಲ್ ಹತ್ತಿಸಬೇಡಿ. ಅದು ಅವರ ವರ್ಷದ ಅನ್ನ. ಹುರುಳಿ ಬಳ್ಳಿ ಹಿಂದಿನ ಡಿರೈಲರ್‌ಗೆ (ಗೇರ್ ಬದಲಿಸುವ ಭಾಗ) ಸುತ್ತಿಕೊಂಡರೆ ಅದನ್ನು ಫ್ರೇಮಿಗೆ ಹಿಡಿದಿರುವ ಹ್ಯಾಂಗರ್ ಮುರಿಯುವುದೂ ಇದೆ. ಇಳಿದು ಪಕ್ಕದಲ್ಲಿ ತಳ್ಳಿಕೊಂಡು ಹೋಗಿ.

ಜಕ್ಕನಹಳ್ಳಿಯಿಂದ ಮೇಲುಕೋಟೆಗೆ ಡಾಂಬರು ಏರು. ಸುತ್ತಲಿನ ಕಾಡಿನ ಒಂದು ಭಾಗ ವನ್ಯಧಾಮ, ತೋಳಗಳಿಗಾಗಿ 1974ರಲ್ಲಿ ಘೋಷಿಸಿದ್ದು. ಅಲ್ಲಿ ಒಳದಾರಿ ಕಂಡರೂ ನುಗ್ಗಬೇಡಿ. ಮೇಲೆ ಕಲ್ಯಾಣಿ, ರಾಯಗೋಪುರ ನೋಡಿ, ಪುಳಿಯೋಗರೆ ತಿಂದು ಎರಡು ಗಂಟೆಯೊಳಗೆ ಹೊರಡಿ. ವೈರಮುಡಿ ಉತ್ಸವದ ದಿನಗಳಲ್ಲಿ ಈ ಕಡೆ ಬರಬೇಡಿ, ರಸ್ತೆ ತುಂಬ ಜನ. ಕತ್ತಲಾದ ಮೇಲೆ ಕಬ್ಬಿನ ಗದ್ದೆ ನಡುವೆ ಒಬ್ಬರೇ ಇರಬಾರದು. ಮಂಡ್ಯ, ಮೈಸೂರು ಎರಡೂ ಕಡೆ ಕಬ್ಬಿನಲ್ಲಿ ಚಿರತೆ ಸೇರಿಕೊಳ್ಳುತ್ತದೆ, ಊರಿನವರು ಬೇಡ ಅಂದರೆ ಅವರ ಮಾತು ಕೇಳಿ.

ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ಮಳೆ ಬಿದ್ದ ಮಾರನೇ ದಿನ ಗದ್ದೆ ದಾರಿ ಬೇಡ, ಆ ಮಣ್ಣು ಫೋರ್ಕಿನ ಸಂದಿಗೆ ಮೆತ್ತಿಕೊಂಡು ಗಾಲಿ ತಿರುಗುವುದೇ ಇಲ್ಲ.

ಸೋಮನಾಥಪುರಕ್ಕೆ ವರುಣಾ, ಬನ್ನೂರು ಮೇಲೆ ಹೋಗಿ, ಸುಮಾರು 38 ಕಿ.ಮೀ. ಬೇಲೂರು, ಹಳೇಬೀಡಿನ ಜೊತೆ 2023ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಮೇಲೆ ಭಾನುವಾರ ಜನ ಜಾಸ್ತಿ. ಹೊಯ್ಸಳ ಶಿಲ್ಪವನ್ನು ನೆಮ್ಮದಿಯಾಗಿ ನೋಡಬೇಕು ಅಂದರೆ ನಾನು ಮಂಡ್ಯದಿಂದ ಬಸರಾಳಿಗೆ ಹೋಗಿ ಅನ್ನುತ್ತೇನೆ. ಅಲ್ಲಿನ ಮಲ್ಲಿಕಾರ್ಜುನ ದೇವಸ್ಥಾನ 13ನೇ ಶತಮಾನದ್ದು.

ಮಗನ ವಿಷಯ. ಅವನನ್ನು ಈ ಸಲ ವಿ.ಸಿ. ನಾಲೆ ಏರಿಗೆ ಕರೆದೊಯ್ಯಬೇಡಿ. ಅವನಿಗೆ ಶ್ರೀರಂಗಪಟ್ಟಣದ ದ್ವೀಪ ಸುತ್ತಿಸಿ: ಕೋಟೆ, ದರಿಯಾ ದೌಲತ್, ಗಂಜಾಂ, ಗುಂಬಜ್, ಸಂಗಮ. ವಾಪಸ್ ಬರುವಾಗ 1804ರ ವೆಲ್ಲೆಸ್ಲಿ ಸೇತುವೆಯ ಕಲ್ಲಿನ ಕಂಬಗಳನ್ನು ತೋರಿಸಿ. ಕನ್ನಂಬಾಡಿಯಿಂದ ನೀರು ಜಾಸ್ತಿ ಬಿಟ್ಟಾಗ ಸೇತುವೆ ಮುಚ್ಚಿರುತ್ತಾರೆ, ಮಳೆಗಾಲದಲ್ಲಾದರೆ ಹೊರಡುವ ಮುಂಚೆ ವಿಚಾರಿಸಿಕೊಳ್ಳಿ. ಸಂಗಮದಲ್ಲಿ ನೀರಿಗೆ ಇಳಿಯದಂತೆ ನೋಡಿಕೊಳ್ಳಿ, ಹೆಲ್ಮೆಟ್ ಹಾಕಿಸಿ.